ಹಳೆಯ ಊರಿಗೆ ಹನ್ನೊಂದು ಕಿಲೋಮೀಟರ್

ಇಂಡೋನೇಷ್ಯಾದ ಬಾಂಡುಂಗ್ ನಗರದಿಂದ ತೆಂಕಲಿಗೆ ಸುಮಾರು 11 ಕಿಲೋಮೀಟರ್ ಹೋದರೆ ದಾಯೆಕೊಲೊಟ್ ಸಿಗುತ್ತದೆ. ಅಲ್ಲಿಯ ಸುಂಡಾ ಮಾತಿನಲ್ಲಿ ದಾಯೆ ಅಂದರೆ ಪಟ್ಟಣ, ಕೊಲೊಟ್ ಅಂದರೆ ಹಳೆಯದು. ನಮ್ಮ ಹಳೇಬೀಡಿನಂಥದೇ ಹೆಸರು. ಬಾಂಡುಂಗ್ ಸೀಮೆಯ ರಾಜಧಾನಿ ಮೊದಲು ಇದ್ದದ್ದು ಇಲ್ಲೇ. ಆಗ ಇದನ್ನು ಕ್ರಾಪ್ಯಾಕ್ ಎನ್ನುತ್ತಿದ್ದರು. ಚಿಕಪುಂಡುಂಗ್ ಹೊಳೆ ಚಿತಾರುಂ ನದಿಯನ್ನು ಕೂಡುವ ತಗ್ಗು ಜಾಗ, ಮಳೆ ಹಿಡಿದರೆ ನೆರೆ. 1810ರಲ್ಲಿ ಡಚ್ ಗವರ್ನರ್ ಜನರಲ್ ಡಾಂಡೆಲ್ಸ್, ತಾನು ಹಾಕಿಸುತ್ತಿದ್ದ ದೊಡ್ಡ ಅಂಚೆರಸ್ತೆಯ ಮಗ್ಗುಲಿಗೆ ರಾಜಧಾನಿ ಬರಲಿ ಎಂದು ಅಪ್ಪಣೆ ಮಾಡಿದ. ಊರು ಬಡಗಲಿಗೆ ಸರಿಯಿತು. 1884ರಲ್ಲಿ ರೈಲು ಬಂತು. ಕ್ರಮೇಣ ಹಳಿಯ ಬಡಗಲಿಗೆ ಬಿಳಿಯರ ಬಂಗಲೆಗಳು ಎದ್ದವು, ತೆಂಕಲಿಗೆ ಊರಿನವರ ಮನೆಗಳು ಉಳಿದವು.

1945ರ ಆಗಸ್ಟ್ 17ರಂದು ಇಂಡೋನೇಷ್ಯಾ ಸ್ವತಂತ್ರವೆಂದು ಸಾರಿಕೊಂಡಿತು. ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸೇನೆ ಬಾಂಡುಂಗ್ ಹೊಕ್ಕಿತು. ಅದರ ಬೆನ್ನಿಗೇ ಡಚ್ಚರು. ನಮಗೆ ನೋವಾಗುವ ಮಾತೊಂದಿದೆ: ಆ ಸೇನೆ 23ನೆಯ ಇಂಡಿಯನ್ ಡಿವಿಷನ್ನಿನದು. ನಾವೇ ಬಿಡುಗಡೆಗೆ ಕಾಯುತ್ತಿದ್ದಾಗ ಇನ್ನೊಬ್ಬರ ಬಿಡುಗಡೆಯ ಎದುರು ನಮ್ಮವರ ಕೈಗೆ ಬಂದೂಕು ಕೊಟ್ಟಿದ್ದರು.

ನವೆಂಬರ್‌ನಲ್ಲಿ ರೈಲು ಹಳಿಯೇ ಗಡಿಯಾಯಿತು. ಹಳಿಯಿಂದ ಬಡಗಣ ಭಾಗ ಖಾಲಿ ಮಾಡಿ ಎಂದು ಬ್ರಿಟಿಷರು ಊರಿನವರಿಗೆ ಹೇಳಿದರು. ಮರುವರ್ಷದ ಮಾರ್ಚ್‌ನಲ್ಲಿ ಅದೂ ಸಾಲದಾಯಿತು: ಇಂಡೋನೇಷ್ಯಾ ಗಣರಾಜ್ಯದ ಪಡೆಗಳು 24ರ ಮಧ್ಯರಾತ್ರಿಯೊಳಗೆ ನಗರದಿಂದ 11 ಕಿಲೋಮೀಟರ್ ಆಚೆ ಹೋಗಬೇಕು. ಜಕಾರ್ತಾದಿಂದ ಪ್ರಧಾನಿ ಷಾಹ್ರೀರ್ ಸರ್ಕಾರ ಒಪ್ಪಿಕೊಳ್ಳಿ ಎಂದಿತು. ಯೋಗ್ಯಕರ್ತಾದಿಂದ ಸೇನೆಯ ಮುಖ್ಯ ಠಾಣೆ ಒಂದಂಗುಲವೂ ಬಿಡಬೇಡಿ ಎಂದಿತು. ನಡುವೆ ನಿಂತವನು ಆ ಪಡೆಗಳ ನಾಯಕ ಕರ್ನಲ್ ನಸುಟಿಯೋನ್, ವಯಸ್ಸು 27. ಕೊನೆಗೆ ತೀರ್ಮಾನವಾದದ್ದು ಎರಡಕ್ಕೂ ಸೇರದ್ದು: ಊರು ಬಿಡೋಣ, ಜನರನ್ನೂ ಕರೆದುಕೊಂಡು ಹೋಗೋಣ, ಆದರೆ ಊರನ್ನು ಅವರ ಕೈಗೆ ಇಡಿಯಾಗಿ ಕೊಡುವುದು ಬೇಡ.

ಇದಕ್ಕೆ ಅವರು ಹೇಳುವ ಮಾತು ಬೂಮಿ ಹಾಂಗುಸ್. ಬೂಮಿ ನಮ್ಮ ಭೂಮಿಯೇ. ಹಾಂಗುಸ್ ಎಂದರೆ ಸುಟ್ಟು ಕರಕಲಾದದ್ದು.

ಆ ರಾತ್ರಿ ತೆಂಕಣ ಬಾಂಡುಂಗ್ ಉರಿಯಿತು. ಕಟ್ಟಡಗಳಿಗೆ ಸೈನಿಕರು ಬೆಂಕಿ ಇಟ್ಟರು, ಎಷ್ಟೋ ಜನ ತಮ್ಮ ಮನೆಗಳಿಗೆ ತಾವೇ ಇಟ್ಟರು. ಬೀಗ ಹಾಕಿ ಮನೆ ಬಿಟ್ಟವನಿಗೆ ಬೀಗದ ಕೈಯಾದರೂ ಸೊಂಟದಲ್ಲಿ ಉಳಿಯುತ್ತದೆ. ಕೊಳ್ಳಿ ಇಟ್ಟು ಹೊರಟವನಿಗೆ? ಮಕ್ಕಳು, ಮುದುಕರು, ಗಂಟುಮೂಟೆ ಸಮೇತ ತೆಂಕಣ ಬೆಟ್ಟಗಳ ಕಡೆ ಹೊರಟವರು ಸುಮಾರು 2 ಲಕ್ಷ ಎಂದು ಲೆಕ್ಕ ಹೇಳುತ್ತಾರೆ. ಹಿಂತಿರುಗಿ ನೋಡಿದರೆ ಆಕಾಶವೆಲ್ಲ ಕೆಂಪು. ಆ ರಾತ್ರಿಗೆ ಬಾಂಡುಂಗ್ ಲಾವುತಾನ್ ಆಪಿ ಎಂದೇ ಹೆಸರು ನಿಂತಿತು: ಬೆಂಕಿಯ ಕಡಲು. 136 ವರ್ಷದ ಹಿಂದೆ ಒಂದು ಅಪ್ಪಣೆಗೆ ಬಡಗಲಿಗೆ ಬಂದ ಊರು, ಇನ್ನೊಂದು ಅಪ್ಪಣೆಗೆ ಹಳೆಯ ಊರಿನ ದಾರಿ ಹಿಡಿಯಿತು.

ಇದನ್ನು ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊರಟ ಪಡೆ ಚದುರಲಿಲ್ಲ, ಸುತ್ತಲಿನ ಹಳ್ಳಿಗಳಲ್ಲಿ ನಿಂತು ಕಾದಿತು. ದಾಯೆಕೊಲೊಟ್‌ನಲ್ಲಿದ್ದ ಶತ್ರುವಿನ ಮದ್ದಿನ ಕೋಠಿಯನ್ನು ಸಿಡಿಸಿ ಮೊಹಮ್ಮದ್ ತೋಹಾ ಮತ್ತು ರಾಮ್ದಾನ್ ಎಂಬ ಹುಡುಗರು ಅಲ್ಲೇ ಪ್ರಾಣ ಕೊಟ್ಟರು. ತೋಹಾನ ಸ್ಮಾರಕ ಅಲ್ಲಿದೆ.

1955ರಲ್ಲಿ ಏಷ್ಯಾ ಆಫ್ರಿಕಾ ಸಮ್ಮೇಳನಕ್ಕೆ ನೆಹರೂ ಬಂದದ್ದು ಡಾಂಡೆಲ್ಸನ ಆ ಅಂಚೆರಸ್ತೆಯ ಮೇಲಿನ ಸಭಾಭವನಕ್ಕೇ. ಬಾಂಡುಂಗ್‌ಗೆ ಹೋಗುವ ಕನ್ನಡಿಗರು ಆ ಭವನ ನೋಡಿ ತಿರುಗಿಬಿಡುತ್ತಾರೆ. ದಾಯೆಕೊಲೊಟ್‌ವರೆಗೂ ಹೋಗಿ ಬನ್ನಿ. ಮಳೆಗಾಲ ಬಿಟ್ಟು ಹೋಗಿ. ಚಿತಾರುಂ ಇವತ್ತಿಗೂ ಅಲ್ಲಿಯ ಬೀದಿಗಳಿಗೆ ನುಗ್ಗುತ್ತದೆ.