ಬಿಡದಿಯ ಗೇರ್‌ಬಾಕ್ಸು ಸಮುದ್ರ ದಾಟಿದ ಕಥೆ

ಬೆಂಗಳೂರು-ಮೈಸೂರು ರಸ್ತೆ ಅಂದರೆ ನಮಗೆಲ್ಲ ನೆನಪಾಗೋದು ಬಿಡದಿಯ ತಟ್ಟೆ ಇಡ್ಲಿ, 'ಶೋಲೆ' ತೆಗೆದ ರಾಮನಗರದ ಬಂಡೆ, ಚನ್ನಪಟ್ಟಣದ ಗೊಂಬೆ. ಇದೇ ಬಿಡದಿಯಿಂದ ಕಾರಿನ ಗೇರ್‌ಬಾಕ್ಸುಗಳು ಹಡಗು ಹತ್ತಿ ಖಂಡ ದಾಟಿವೆ ಅನ್ನೋದು ಎಷ್ಟು ಜನಕ್ಕೆ ಗೊತ್ತೋ ಕಾಣೆ. ನನಗೆ ಇದರ ಹುಚ್ಚು ಹತ್ತಿಸಿದವನು ಹಾರೋಹಳ್ಳಿಯಲ್ಲಿ ಸಣ್ಣ ಲೇತ್ ಶಾಪ್ ಇಟ್ಟಿರುವ ಒಬ್ಬ ಗೆಳೆಯ. ಲಾರಿಯ ಬ್ರೇಕ್ ಡ್ರಮ್ಮು ಕಡೆದು ಪುಣೆಗೆ ಕಳಿಸುತ್ತಾನೆ. "ಮಾಲು ಮಾಡೋದು ಕಷ್ಟ ಅಲ್ಲ ಕಣೋ, ಕಳಿಸೋದೇ ಕಷ್ಟ" ಅಂತ ಅವನು ಗೊಣಗಿದ್ದು ಕೇಳಿ, ಹಾಗಾದರೆ ದೊಡ್ಡವರು ಹೇಗೆ ಕಳಿಸುತ್ತಾರೆ ಅಂತ ಹುಡುಕಲು ಕೂತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಂಗಳೂರಿನಿಂದ ಹೊರಟ ರೈಲು ಹಳಿ 1881ರಲ್ಲಿ ಚನ್ನಪಟ್ಟಣ ಮುಟ್ಟಿತು, ಮರುವರ್ಷ ಮೈಸೂರು ಸೇರಿತು. ಕ್ಲೋಸ್‌ಪೇಟೆಗೂ (ರಾಮನಗರದ ಹಳೇ ಹೆಸರು) ಚನ್ನಪಟ್ಟಣಕ್ಕೂ ಸ್ಟೇಷನ್ ಬಂತು. ಕನಕಪುರ, ಮಾಗಡಿಗೆ ಬರಲಿಲ್ಲ. ಕನಕಪುರದ ಮೇಲೆ ಹಾದುಹೋಗಬೇಕಾದ ಹೆಜ್ಜಾಲ-ಚಾಮರಾಜನಗರ ಮಾರ್ಗಕ್ಕೆ 1996-97ರಲ್ಲಿ ಮಂಜೂರಾತಿ ಸಿಕ್ಕಿತು, ಆದರೆ ಹಳಿ ಬೀಳಲಿಲ್ಲ. 2007ರಲ್ಲಿ ಈ ನಾಲ್ಕೂ ತಾಲೂಕು ಸೇರಿ ಒಂದೇ ಜಿಲ್ಲೆ ಆದವು. ಆದರೂ ಭಾರ ಸಾಗಿಸುವ ಲೆಕ್ಕದಲ್ಲಿ ಎರಡು ಊರು ಹಳಿಯ ಮೇಲೆ, ಎರಡು ಊರು ಟೈರಿನ ಮೇಲೆ!

ಇನ್ನೊಂದು ಕಥೆ ಅಮೆರಿಕದ್ದು. 1956ರ ಏಪ್ರಿಲ್‌ನಲ್ಲಿ ಮಾಲ್ಕಮ್ ಮೆಕ್‌ಲೀನ್ ಅನ್ನುವ ಲಾರಿ ಮಾಲೀಕ 58 ಪೆಟ್ಟಿಗೆಗಳನ್ನು 'ಐಡಿಯಲ್ ಎಕ್ಸ್' ಹಡಗಿನಲ್ಲಿ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಅಲ್ಲಿಂದಾಚೆ ಬಂದರಿನ ಹಮಾಲರು ಒಂದೊಂದೇ ಮೂಟೆ ಹೊರುವ ಕಾಲ ಮುಗಿಯುತ್ತಾ ಬಂತು. ನಮ್ಮ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಶುರುವಾಗಿದ್ದು ಬೆಂಗಳೂರಿನಲ್ಲೇ. ಕಸ್ಟಮ್ಸ್ ತಪಾಸಣೆ ಇಲ್ಲೇ ಮುಗಿಸಿ ಸೀಲ್ ಹಾಕಿದರೆ ಬಂದರಿನಲ್ಲಿ ಮತ್ತೆ ಬಿಚ್ಚಿ ತುಂಬುವ ರಗಳೆ ತಪ್ಪಿತು. ಸಮುದ್ರವೇ ಇಲ್ಲದ ಊರಿಗೆ ಒಂದು ಬಂದರು ಸಿಕ್ಕ ಹಾಗಾಯಿತು ನೋಡಿ.

ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ. 1999ರ ಕೊನೆಗೆ ಕ್ವಾಲಿಸ್ ತಯಾರಿ ಶುರುವಾಯಿತು. 2002ರಲ್ಲಿ ಪಕ್ಕದಲ್ಲೇ ಬಿಡಿಭಾಗಗಳಿಗೆಂದು ಇನ್ನೊಂದು ಕಂಪನಿ ಬಂತು. ಆಗ ಟೊಯೋಟಾ ಒಂದು ಹೊಸ ಲೆಕ್ಕ ಹಾಕಿತ್ತು. ಇನ್ನೋವಾ, ಹೈಲಕ್ಸ್ ತರಹದ ಗಾಡಿಗಳಿಗೆ ಡೀಸೆಲ್ ಎಂಜಿನ್ ಥಾಯ್ಲೆಂಡಿನದು, ಪೆಟ್ರೋಲ್ ಎಂಜಿನ್ ಇಂಡೋನೇಷ್ಯಾದ್ದು, ಮ್ಯಾನುಯಲ್ ಗೇರ್‌ಬಾಕ್ಸು ಫಿಲಿಪ್ಪೀನ್ಸ್ ಮತ್ತು ಭಾರತದ್ದು. 2004ರಿಂದ ಭಾರತದ ಪಾಲಿನ ಆ ಗೇರ್‌ಬಾಕ್ಸು ಬಿಡದಿಯದ್ದೇ.

ಗೇರ್‌ಬಾಕ್ಸನ್ನೇ ಯಾಕೆ ಆರಿಸಿಕೊಂಡರು? ಬಂಪರ್, ಸೀಟು ಯಾಕಲ್ಲ? ನನಗೆ ತುಂಬಾ ಹಿಡಿಸಿದ್ದು ಈ ಭಾಗ. ಇಪ್ಪತ್ತಡಿ ಕಂಟೇನರಿನ ಒಳಗೆ ಸುಮಾರು 33 ಘನ ಮೀಟರ್ ಜಾಗ ಇರುತ್ತದೆ. ಒಂದು ಘನ ಮೀಟರ್ ಉಕ್ಕು 7.8 ಟನ್ನಿನಷ್ಟು ತೂಗುತ್ತದೆ. ಗಟ್ಟಿ ಉಕ್ಕಿನ ದಿಮ್ಮಿ 21 ಟನ್ ತುಂಬಿದರೂ ಮೂರು ಘನ ಮೀಟರ್ ಭರ್ತಿ ಆಗೋದಿಲ್ಲ, ಉಳಿದದ್ದೆಲ್ಲ ಖಾಲಿ. ಬಂಪರ್ ತುಂಬಿದರೆ ಉಲ್ಟಾ: ಪೆಟ್ಟಿಗೆ ತುಂಬಿಹೋಗುತ್ತದೆ, ತೂಕ ಏನೂ ಇಲ್ಲ. ನಾವು ಬಾಡಿಗೆ ಕೊಟ್ಟು ಗಾಳಿ ಸಾಗಿಸಿದ ಹಾಗೆ. ಆದ್ದರಿಂದ ಸೀಟು, ಬಂಪರ್ ಕಾರ್ಖಾನೆಯ ಅಕ್ಕಪಕ್ಕವೇ ತಯಾರಾಗಬೇಕು. ಗೇರ್‌ಬಾಕ್ಸು ಭಾರ ಹೌದು, ಆದರೆ ಚಿಕ್ಕದು, ಬೆಲೆ ಜಾಸ್ತಿ, ಒಂದರ ಮೇಲೊಂದು ಪೇರಿಸಬಹುದು. ಸಮುದ್ರದ ಬಾಡಿಗೆ ಅದರ ಬೆಲೆಯಲ್ಲಿ ಕರಗಿಹೋಗುತ್ತದೆ. ನಲವತ್ತಡಿ ಪೆಟ್ಟಿಗೆಯಲ್ಲಿ ಜಾಗ ಎರಡರಷ್ಟು, ತೂಕದ ಮಿತಿ ಮಾತ್ರ ಎರಡರಷ್ಟಲ್ಲ. ಹಾಗಾಗಿ ಭಾರದ ಮಾಲಿಗೆ ಇಪ್ಪತ್ತಡಿಯದೇ ಸರಿ.

ಪ್ಯಾಕಿಂಗೂ ಬದಲಾಗಿದೆ. ಮೊದಲು ಎಣ್ಣೆ ಬಳಿದು, ಗೋಣಿತಾಟು ಸುತ್ತಿ, ಮರದ ಪೆಟ್ಟಿಗೆಗೆ ಮೊಳೆ ಹೊಡೆದರೆ ಆಯಿತು. 2002ರಲ್ಲಿ ಮರದ ಪ್ಯಾಕಿಂಗಿಗೆ ಅಂತರರಾಷ್ಟ್ರೀಯ ನಿಯಮ ಬಂತು. ಹುಳ ದೇಶ ದಾಟಬಾರದು ಅಂತ ಮರದ ತಿರುಳು 56 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಬೇಕು (ಇಲ್ಲವೇ ಹೊಗೆಮದ್ದು ಹಾಕಿಸಬೇಕು), ಮೇಲೆ ಮುದ್ರೆ ಬೀಳಬೇಕು. ಅದಕ್ಕೇ ದೊಡ್ಡ ಕಂಪನಿಗಳಿಗೆ ಉಕ್ಕಿನ ಚೌಕಟ್ಟು ಇಷ್ಟ. ಮಾಲು ಇಳಿಸಿದ ಮೇಲೆ ಮಡಚಿದರೆ ಹತ್ತಾರು ಚೌಕಟ್ಟು ಒಂದೇ ಪೆಟ್ಟಿಗೆಯಲ್ಲಿ ವಾಪಸು ಬರುತ್ತವೆ. ತುಕ್ಕು ತಡೆಯುವ ಪ್ಲಾಸ್ಟಿಕ್ ಚೀಲ, ತೇವ ಹೀರುವ ಪೊಟ್ಟಣ ಬೇರೆ. ಹಡಗಿನಲ್ಲಿ ರಾತ್ರಿ ತಣ್ಣಗಾದಾಗ ಕಂಟೇನರಿನ ಸೂರು ಬೆವರುತ್ತದೆ, ಆ ಹನಿ ಕಬ್ಬಿಣದ ಶತ್ರು.

ಒಂದು ಹೊಟ್ಟೆಉರಿ ಹೇಳಿಬಿಡುತ್ತೇನೆ. ನಮ್ಮದೇ ಮಂಗಳೂರು ಬಂದರು ದೂರದಲ್ಲಿ ಚೆನ್ನೈಗಿಂತ ಹೆಚ್ಚೇನಲ್ಲ. ಆದರೆ ನಡುವೆ ಶಿರಾಡಿ ಘಾಟಿ! ಮಳೆಗಾಲದಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್. ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗದ ಏರು 50ಕ್ಕೆ 1. ಚೆನ್ನೈಗೆ ಘಾಟಿಯ ಇಂಥ ಕಾಟ ಇಲ್ಲ, ಕಂಟೇನರ್ ಹಡಗೂ ಜಾಸ್ತಿ. ಬೆಂಗಳೂರಿನ ಪೆಟ್ಟಿಗೆ ಪೂರ್ವಕ್ಕೆ ಮುಖ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಸರಪಳಿ ಎಷ್ಟು ಬಿಗಿ ಅನ್ನೋದು 2011ರಲ್ಲಿ ಕಂಡಿತು. ಮಾರ್ಚಿನಲ್ಲಿ ಜಪಾನಿಗೆ ಸುನಾಮಿ ಬಡಿಯಿತು, ಏಪ್ರಿಲ್ ಕೊನೆಯ ಹೊತ್ತಿಗೆ ಭಾಗಗಳಿಲ್ಲದೆ ಬಿಡದಿಯಲ್ಲಿ ಉತ್ಪಾದನೆ ತಗ್ಗಿಸಬೇಕಾಯಿತು.

ಈಗ ನನ್ನ ಗೆಳೆಯನ ಪಾಡು. ಅವನದು ತಿಂಗಳಿಗೆ ಒಂದು ಕಂಟೇನರ್ ತುಂಬುವಷ್ಟು ಮಾಲಲ್ಲ. ಬಿಡಿ ಪಾರ್ಸೆಲ್ ಹಾಕಿದರೆ ದಾರಿಯಲ್ಲಿ ಮೂರ್ನಾಲ್ಕು ಕಡೆ ಇಳಿಸಿ ಹತ್ತಿಸುತ್ತಾರೆ. ಕೈಯಲ್ಲಿ ಎತ್ತಲಾಗದ ಪೆಟ್ಟಿಗೆಯನ್ನು ಉರುಳಿಸುತ್ತಾರೆ. ಒಮ್ಮೆ ಪೆಟ್ಟಿಗೆ ಒಡೆದು ಎರಡು ಡ್ರಮ್ಮು ಸೀಳಿದ್ದವು, ಬಿಲ್ಟಿಯಲ್ಲಿ 'ಮಾಲೀಕರ ಜವಾಬ್ದಾರಿ' ಅಂತ ಬರೆದಿತ್ತು. ನಾಲ್ಕು ಡ್ರಮ್ಮಿನ ಪೆಟ್ಟಿಗೆ ಬಿಟ್ಟು ಈಗ ದಪ್ಪ ಮರದ ಪ್ಯಾಲೆಟ್ಟಿನ ಮೇಲೆ ಹದಿನಾರು ಡ್ರಮ್ಮು ಪೇರಿಸಿ ಉಕ್ಕಿನ ಪಟ್ಟಿ ಬಿಗಿಯುತ್ತಾನೆ. ಫೋರ್ಕ್‌ಲಿಫ್ಟ್ ಇಲ್ಲದೆ ಅದನ್ನು ಯಾರೂ ಅಲುಗಿಸಲಾರರು, ಆದ್ದರಿಂದ ಉರುಳಿಸುವುದೂ ಇಲ್ಲ. ಪಕ್ಕದ ಎರಡು ಶಾಪಿನವರನ್ನು ಸೇರಿಸಿಕೊಂಡು ಮೂವರ ಮಾಲು ಒಂದೇ ಲಾರಿಗೆ ಹಾಕಿ, ಪುಣೆಗೆ ವಾಪಸು ಹೋಗುವ ಗಾಡಿಯನ್ನೇ ಕಡಿಮೆ ಬಾಡಿಗೆಗೆ ಹಿಡಿಯುತ್ತಾರೆ. ಮೂವರ ಮಾಲೂ ಒಂದೇ ದಿನ ತಯಾರಾಗಬೇಕು, ತೊಂದರೆ ಅಷ್ಟೇ. ಕಳೆದ ವಾರ ಮೂರನೆಯವನ ಲೇತ್ ಕೆಟ್ಟು ಲಾರಿ ಎರಡು ದಿನ ಕಾಯಿತು, ಕಾದ ದುಡ್ಡು ಮೂವರೂ ಹಂಚಿಕೊಂಡರು.