ಸಹಕಾರಿ ಸಂಜ್ಞೆ: ದೇಹರಕ್ಷಣಾಶಾಸ್ತ್ರದ ಒಂದು ವಿಚಾರದ ಇತಿಹಾಸ

ನಂದಿಯ ಸುತ್ತಣ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸೀಮೆಗಳ ಒಕ್ಕಲಿಗರು ಹಿಂದೆ ಹಗೇವಿನಲ್ಲಿ ತುಂಬಿಡುತ್ತಿದ್ದ ರಾಗಿಯು ವರ್ಷಗಟ್ಟಲೆ ಮೊಳೆಯದೆ ಇರುತ್ತಿದ್ದಿತು; ಹದವಾದ ಹೊಲಕ್ಕೆ ಬಿದ್ದ ಕಾಳಾದರೋ ಕೆಲವೇ ದಿನಗಳಲ್ಲಿ ಮೊಳೆಯುತ್ತಿದ್ದಿತು. ಈ ಬಗೆಯ ಲೋಕಾನುಭವವನ್ನೇ ಹಿಡಿದು ಬೌದ್ಧರೂ ನೈಯಾಯಿಕರೂ ಬಹುಕಾಲ ವಾದಿಸಿದರು. ಕಣಜದ ಬೀಜವೇ ಬೇರೆ, ಹೊಲದ ಬೀಜವೇ ಬೇರೆ ಎಂಬುದು ಬೌದ್ಧಪಕ್ಷ. ಬೀಜವೊಂದೇ, ಮಣ್ಣು ನೀರು ಮೊದಲಾದ ಸಹಕಾರಿಗಳು ಕೂಡಿದಾಗ ಮಾತ್ರ ಕಾರ್ಯವು ಹುಟ್ಟುವುದು ಎಂಬುದು ಉದಯನಾಚಾರ್ಯರು ‘ಆತ್ಮತತ್ತ್ವವಿವೇಕ’ದಲ್ಲಿ ಸಮರ್ಥಿಸಿದ ನ್ಯಾಯಪಕ್ಷ. ಇಂತಹುದೇ ಪ್ರಶ್ನೆಯು ಇಪ್ಪತ್ತನೆಯ ಶತಮಾನದಲ್ಲಿ ದೇಹರಕ್ಷಣಾಶಾಸ್ತ್ರದಲ್ಲಿಯೂ ಎದ್ದಿತು.

1806ರಲ್ಲಿ ಮೈಸೂರಿನ ರಾಣಿ ದೇವಾಜಮ್ಮಣ್ಣಿಯವರು ಸಿಡುಬಿನ ಲಸಿಕೆಯನ್ನು ಹಾಕಿಸಿಕೊಂಡು ಪ್ರಜೆಗಳಿಗೆ ಮೇಲ್ಪಂಕ್ತಿಯಾದರು. ಆ ಲಸಿಕೆ ಸಜೀವವಾದುದರಿಂದ ತಾನಾಗಿಯೇ ಫಲಿಸುತ್ತಿದ್ದಿತು. ಶುದ್ಧೀಕರಿಸಿದ ನಿರ್ಜೀವ ದ್ರವ್ಯಗಳಿಗೆ ಅಷ್ಟು ಬಲವಿರಲಿಲ್ಲ. 1926ರಲ್ಲಿ ಗ್ಲೆನಿ ಎಂಬ ವಿದ್ವಾಂಸರು ಡಿಫ್ತೀರಿಯ ರೋಗದ ಲಸಿಕೆಗೆ ಪಟಿಕವನ್ನು ಸೇರಿಸಲು ಅದರ ಬಲ ಹೆಚ್ಚಿತು. ಹೀಗೇಕೆಂಬುದು ಆಗ ತಿಳಿದಿರಲಿಲ್ಲ.

ಟಿ ಕೋಶವೆಂಬುದು ಎದೆಯ ಥೈಮಸ್ ಗ್ರಂಥಿಯಲ್ಲಿ ಪಕ್ವವಾಗುವ ಬಿಳಿಯ ರಕ್ತಕಣ. ಬೇರೊಂದು ಕೋಶವು ಎತ್ತಿ ತೋರಿಸಿದ ಪರದ್ರವ್ಯದ ತುಣುಕನ್ನು ಗುರುತಿಸುವುದು ಅದಕ್ಕೆ ಮೊದಲನೆಯ ಸಂಜ್ಞೆ. ಅದೊಂದೇ ಸಾಲದು, ಎರಡನೆಯದೊಂದು ಬೇಕು ಎಂಬ ಮತವನ್ನು 1970ರಲ್ಲಿ ಬ್ರೆಟ್ಷರ್, ಕೋನ್ ಎಂಬವರು ಪ್ರತಿಕಾಯಗಳ ವಿಷಯದಲ್ಲಿ ಮಂಡಿಸಿದರು. 1975ರಲ್ಲಿ ಲಾಫರ್ಟಿ, ಕನಿಂಗ್‌ಹ್ಯಾಮ್ ಎಂಬವರು ಟಿ ಕೋಶಕ್ಕೂ ಅನ್ವಯಿಸಿದರು. 1987ರಲ್ಲಿ ಜೆಂಕಿನ್ಸ್, ಶ್ವಾರ್ಟ್ಸ್ ಎಂಬವರು ಮತ್ತೊಂದು ವಿಶೇಷವನ್ನು ತೋರಿಸಿಕೊಟ್ಟರು. ಮೊದಲನೆಯ ಸಂಜ್ಞೆ ಮಾತ್ರ ದೊರೆತ ಕೋಶವು ಮುಂದೆ ಎರಡೂ ದೊರೆತರೂ ಏಳದಷ್ಟು ಜಡವಾಗುತ್ತದೆ. ಇದು ಹಗೇವಿನ ಕಾಳಿನ ಸ್ಥಿತಿಯಲ್ಲ. ತುಂತುರು ಹನಿಗೆ ಮೊಳೆತು, ಮಳೆಯಿಲ್ಲದೆ ಒಣಗಿದ ಕಾಳಿನ ಸ್ಥಿತಿ. ಆದರೂ ಈ ಜಾಡ್ಯವೇ ದೇಹಕ್ಕೆ ಒಂದು ರಕ್ಷೆ. ಸ್ವಂತ ಅಂಗವನ್ನು ಶತ್ರುವೆಂದು ಗುರುತಿಸುವ ಕೋಶವು ಇದರಿಂದ ನಿಷ್ಕ್ರಿಯವಾಗುವುದು. ಸೂಕ್ಷ್ಮಜೀವಿಗಳ ಲಕ್ಷಣಗಳನ್ನು ಕಂಡ ಮೇಲೆಯೇ ದೇಹವು ಎರಡನೆಯ ಸಂಜ್ಞೆಯನ್ನು ಹೊರಡಿಸುವುದೆಂದು 1989ರಲ್ಲಿ ಜೇನ್‌ವೇ ಪ್ರತಿಪಾದಿಸಲು, ಲಸಿಕೆಗೆ ಅನ್ಯದ್ರವ್ಯದ ನೆರವೇಕೆಂಬುದಕ್ಕೂ ಸಮಾಧಾನ ದೊರೆಯಿತು.

ಈ ಸಂಜ್ಞೆಯನ್ನು ಗ್ರಹಿಸುವ ಮುಖ್ಯ ಅಣು ಸಿಡಿ28. ಎದುರಿನ ಕೋಶದ ಬಿ7 ಅಣುಗಳು ಅದನ್ನು ಕೂಡಬೇಕು. 1987ರಲ್ಲಿ ಪತ್ತೆಯಾದ ಸಿಟಿಎಲ್‌ಎ-4 ಎಂಬ ಅಣುವಾದರೋ ಅದೇ ಬಿ7 ಅಣುಗಳನ್ನು ಇನ್ನೂ ಬಿಗಿಯಾಗಿ ಹಿಡಿದು ಕೋಶವನ್ನು ತಡೆಯುತ್ತದೆ. ಅದಿಲ್ಲದೆ ಹುಟ್ಟಿದ ಇಲಿಗಳು ತಮ್ಮ ಕೋಶಗಳ ಹಾವಳಿಯಿಂದಲೇ ಮೂರು ನಾಲ್ಕು ವಾರಗಳಲ್ಲಿ ಸತ್ತುವೆಂದು 1995ರಲ್ಲಿ ಪ್ರಕಟವಾಯಿತು. ಆ ತಡೆಯನ್ನು ಮಿತವಾಗಿ ತೆಗೆದರೆ ಅರ್ಬುದವನ್ನು ಜಯಿಸಬಹುದೆಂದು 1996ರಲ್ಲಿ ಜೇಮ್ಸ್ ಆಲಿಸನ್ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದರು. ಇದರಿಂದ ಹುಟ್ಟಿದ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. 2018ರಲ್ಲಿ ಆಲಿಸನ್ ಮತ್ತು ತಾಸುಕು ಹೊಂಜೊ ನೊಬೆಲ್ ಪಾರಿತೋಷಕವನ್ನು ಪಡೆದರು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 2006ರಲ್ಲಿ ಲಂಡನ್ನಿನಲ್ಲಿ, ಮೊದಲನೆಯ ಸಂಜ್ಞೆಯ ಅಪೇಕ್ಷೆಯಿಲ್ಲದೆ ಸಿಡಿ28ನ್ನೇ ಕೆರಳಿಸುವ ದ್ರವ್ಯವನ್ನು ಪರೀಕ್ಷಾರ್ಥವಾಗಿ ಪಡೆದ ಆರು ಮಂದಿ ಪ್ರಾಣಾಪಾಯಕ್ಕೆ ಸಿಲುಕಿ, ಕಷ್ಟದಿಂದ ಉಳಿದರು.

ಸಹಕಾರಿಯಿಲ್ಲದೆ ಮುಖ್ಯಕಾರಣವು ಫಲಿಸದು. ಮುಖ್ಯಕಾರಣವಿಲ್ಲದೆ ಸಹಕಾರಿಯೊಂದೇ ಕೆರಳಿದರೆ ಅನರ್ಥ. ಇಷ್ಟರ ಮಟ್ಟಿಗೆ ಕಾರಣಸಾಮಗ್ರಿಯ ವಿಷಯದಲ್ಲಿ ನೈಯಾಯಿಕರ ಮಾತು ನಿಲ್ಲುತ್ತದೆ. ಆದರೆ ಅರೆಸಾಮಗ್ರಿಯನ್ನು ಕಂಡ ಕೋಶವು ಮೊದಲಿನ ಕೋಶವಾಗಿ ಉಳಿಯದಿರುವುದರಿಂದ ಬೌದ್ಧರ ಮಾತಿಗೂ ಇಲ್ಲಿ ಎಡೆಯುಂಟು.