ವೆಬ್ ಬ್ರೌಸರ್ ಮೂಲಕ ನೇರ ಕಡತ ಹಂಚಿಕೆ: ಸಾರ್ವಜನಿಕರಿಗೆ ಮಾಹಿತಿ

ಅರ್ಥ: ಕಡತವನ್ನು ಸರ್ವರ್‌ನಲ್ಲಿ ಸಂಗ್ರಹಿಸದೆ ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ನೇರವಾಗಿ ರವಾನಿಸುವುದನ್ನು ಪೀರ್-ಟು-ಪೀರ್ ಹಂಚಿಕೆ ಎನ್ನಲಾಗುತ್ತದೆ.

ವಿಧಾನ: 2013ರಲ್ಲಿ ಆರಂಭಗೊಂಡ ವೆಬ್‌ಟೊರೆಂಟ್ ಎಂಬ ಜಾವಾಸ್ಕ್ರಿಪ್ಟ್ ತಂತ್ರಾಂಶವು ವೆಬ್‌ಆರ್‌ಟಿಸಿ ತಂತ್ರಜ್ಞಾನದ ಮೂಲಕ ಬ್ರೌಸರ್‌ನಲ್ಲಿಯೇ ಈ ಕಾರ್ಯ ನಿರ್ವಹಿಸುತ್ತದೆ. ಉದಾಹರಣೆಗೆ, ಕೋಗಿಲಿನಿಂದ ಯಲಹಂಕಕ್ಕೆ ಕಡತ ಕಳುಹಿಸುವವರು ಅದು ಪೂರ್ಣವಾಗಿ ತಲುಪುವವರೆಗೆ ಬ್ರೌಸರ್ ಪುಟವನ್ನು ಮುಚ್ಚಬಾರದು.

ಎಚ್ಚರಿಕೆ: ಡೌನ್‌ಲೋಡ್ ಮಾಡುವವರ ಬ್ರೌಸರ್ ಅದೇ ಕಡತದ ಭಾಗಗಳನ್ನು ಇತರರಿಗೂ ರವಾನಿಸುತ್ತದೆ, ಅವರ ಐಪಿ ವಿಳಾಸವೂ ಇತರರಿಗೆ ಗೋಚರಿಸಬಹುದು. ಹೀಗಾಗಿ ಅನುಮತಿಯಿಲ್ಲದ ಚಲನಚಿತ್ರವನ್ನು ಪಡೆಯುವವರು ಅದರ ವಿತರಕರೂ ಆಗುತ್ತಾರೆ. ತಿಳಿದೂ ಕೃತಿಸ್ವಾಮ್ಯ ಉಲ್ಲಂಘಿಸಿದವರಿಗೆ ಕೃತಿಸ್ವಾಮ್ಯ ಅಧಿನಿಯಮ, 1957ರ 63ನೇ ಕಲಂ ಅನ್ವಯ 3 ವರ್ಷಗಳವರೆಗೆ ಕಾರಾವಾಸ ಹಾಗೂ 2 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದಾಗಿದೆ. ಸ್ವಂತ ಅಥವಾ ಅನುಮತಿ ಪಡೆದ ಕಡತಗಳನ್ನು ಮಾತ್ರ ಹಂಚಿಕೊಳ್ಳತಕ್ಕದ್ದು.